ಕರೆಂಟು ಬಾಯಿಗೆ, ಸೂಜಿ ತೋಳಿಗೆ ಏಕೆ?

“ಗಂಟು ಇರೂದು ಬಾಯಾಗ. ಕರೆಂಟು ಕೊಡೂದೂ ಬಾಯಿಗಷ್ಟ. ಮತ್ತ ವಾರಕ್ಕೊಮ್ಮೆ ತೋಳಾಗಿನ ರಕ್ತ ಯಾಕ ತೆಗೀತಾರ್ರೀ?”

ಇರಕಲ್ಲಗಡ, ಯಲಬುರ್ಗಾ, ಕುಷ್ಟಗಿ ಕಡೆಯಿಂದ ಕ್ಯಾನ್ಸರ್ ಚಿಕಿತ್ಸೆಗೆಂದು ಹೊರಟವರ ಮನೆಯವರು ಕೇಳಬಹುದಾದ ಪ್ರಶ್ನೆ ಇದು. ಕೇಳಲೇಬೇಕಾದ ಪ್ರಶ್ನೆಯೂ ಹೌದು. ಚಿಕಿತ್ಸೆಯ ನಡುವೆ “ಬಿಳಿ ಕಣ ಇಳಿದಿದೆ” ಎಂಬ ಮಾತು ಕಿವಿಗೆ ಬಿದ್ದೊಡನೆ ಹೆದರಿ, ಇನ್ನರ್ಧ ಕಂತು ಉಳಿದಿರುವಾಗಲೇ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳುವವರುಂಟು. ಆ ಕಣಗಳು ಯಾಕೆ ಇಳಿದವು, ಎಲ್ಲಿಗೆ ಹೋದವು, ಮತ್ತೆ ಯಾವಾಗ ಬರುತ್ತವೆ ಎಂಬುದು ತಿಳಿದಿದ್ದರೆ ಅಷ್ಟು ಹೆದರಬೇಕಾಗಿಲ್ಲ.

ಮೊದಲು ಈ ಕರೆಂಟಿನ ವಿಷಯ. ನಮ್ಮ ಹಳ್ಳಿಗಳಲ್ಲಿ ಹಾಗೆ ಕರೆಯುವ ವಿಕಿರಣ ಚಿಕಿತ್ಸೆಯಲ್ಲಿ ಮೈಯೊಳಗೆ ವಿದ್ಯುತ್ ಹರಿಯುವುದೇ ಇಲ್ಲ. ಕೋಬಾಲ್ಟ್ ಯಂತ್ರದಿಂದ ಗಾಮಾ ಕಿರಣ ಬರುತ್ತದೆ. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರದಿಂದ ಬಲವಾದ ಕ್ಷಕಿರಣ ಬರುತ್ತದೆ. ಗಡ್ಡೆಯ ಜೀವಕೋಶಗಳ ವಂಶವಾಹಿ ಎಳೆಗಳನ್ನು ಕತ್ತರಿಸುವುದು ಈ ಕಿರಣದ ಕೆಲಸ. ಎಷ್ಟು ಕಿರಣ ಹೀರಿಕೆಯಾಯಿತು ಎಂಬುದನ್ನು ‘ಗ್ರೇ’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಬಾಯಿ, ಗಂಟಲು ಕ್ಯಾನ್ಸರಿಗೆ ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಂತೆ ವಾರಕ್ಕೆ ಐದು ದಿನ, ಒಟ್ಟು 60ರಿಂದ 70 ಗ್ರೇ. ಅಂದರೆ ಆರೇಳು ವಾರಗಳ ವನವಾಸ. ಗರ್ಭಕೊರಳಿನ ಕ್ಯಾನ್ಸರಿಗೆ ಹೊರಗಿನಿಂದ 45ರಿಂದ 50 ಗ್ರೇ ಕೊಟ್ಟು, ಆಮೇಲೆ ಒಳಗಿನಿಂದಲೂ ಕಿರಣ ಕೊಡುತ್ತಾರೆ.

ಕೊಪ್ಪಳ ಭಾಗದ ರೋಗಿಗಳಿಗೆ ಹುಬ್ಬಳ್ಳಿಯ ನವನಗರದಲ್ಲಿರುವ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ ಪರಿಚಿತ. ದೂರವಾದರೂ ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗುವವರೂ ಉಂಟು. 1973ರಲ್ಲಿ ಆರಂಭವಾದ ಆ ಸಂಸ್ಥೆ 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರವಾಯಿತು. ಬಡವರ ಕ್ಯಾನ್ಸರ್ ಚಿಕಿತ್ಸೆಯ ಖರ್ಚನ್ನು ಸರ್ಕಾರವೇ ಭರಿಸುವ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಬಂದದ್ದು ಕೊಪ್ಪಳವೂ ಸೇರಿದ ಅಂದಿನ ಗುಲ್ಬರ್ಗ ವಿಭಾಗಕ್ಕೇ. 2018ರಿಂದ ಅದರ ಜಾಗದಲ್ಲಿ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಇದೆ. ಹಣದ ಚಿಂತೆ ಸ್ವಲ್ಪ ಕಡಿಮೆಯಾಗಿದೆ. ಆದರೆ ಬಿಸಿಲು ನಾಡಿನ ರೈತನಿಗೆ ಹೊಲ, ದನ, ಕೂಲಿ ಬಿಟ್ಟು ಏಳು ವಾರ ಪರಊರಲ್ಲಿ ಕೂರುವುದು ಇಂದಿಗೂ ಸುಲಭವಲ್ಲ.

ಸುತ್ತುವ ಕಾವಲುಗಾರರು

ರಕ್ತ ಕೆಂಪಗಿದ್ದರೂ ಅದರಲ್ಲಿ ಬಿಳಿ ಕಣಗಳೂ ಇವೆ. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಅವುಗಳ ಸಂಖ್ಯೆ 4,000ದಿಂದ 11,000. ಅವುಗಳಲ್ಲಿ ಎರಡು ಬಗೆಯವನ್ನು ಇಲ್ಲಿ ನೆನಪಿಟ್ಟುಕೊಂಡರೆ ಸಾಕು. ಒಂದು, ನ್ಯೂಟ್ರೋಫಿಲ್. ಗಾಯವಾದಲ್ಲಿ ಓಡಿಬಂದು ರೋಗಾಣುಗಳನ್ನು ನುಂಗಿ ತಾನೂ ಸತ್ತು ಕೀವಾಗುವ ಕಣ ಇದೇ. ಇದರ ಆಯುಷ್ಯ ಕಡಿಮೆ, ಆದರೆ ಎಲುಬಿನ ಮಜ್ಜೆಯಲ್ಲಿ ದಿನಕ್ಕೆ ಸಾವಿರಾರು ಕೋಟಿ ಲೆಕ್ಕದಲ್ಲಿ ಹುಟ್ಟುತ್ತಿರುತ್ತದೆ. ಇನ್ನೊಂದು, ಲಿಂಫೋಸೈಟ್. ಇದು ನೆನಪಿರುವ ಕಣ. ಒಮ್ಮೆ ಕಂಡ ಶತ್ರುವನ್ನು ವರ್ಷಗಟ್ಟಲೆ ಮರೆಯುವುದಿಲ್ಲ. ಕ್ಯಾನ್ಸರ್ ಕೋಶವನ್ನು ಗುರುತಿಸಿ ಕೊಲ್ಲಬಲ್ಲ ಟಿ ಕಣ ಈ ಗುಂಪಿಗೆ ಸೇರಿದ್ದು.

ಲಿಂಫೋಸೈಟ್ ಒಂದೆಡೆ ಕೂರುವ ಜಾತಿಯಲ್ಲ. ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಂಟು ಏಳುತ್ತದಲ್ಲ, ಅದು ದುಗ್ಧಗ್ರಂಥಿ. ಕೊರಳು, ಕಂಕುಳು, ಹೊಟ್ಟೆ, ಎದೆ ಎಲ್ಲ ಸೇರಿ ಇಂಥ ಐದಾರು ನೂರು ಗ್ರಂಥಿಗಳು ನಮ್ಮ ಮೈಯಲ್ಲಿವೆ. ರಕ್ತದಲ್ಲಿ ಸಾಗುತ್ತಿರುವ ಲಿಂಫೋಸೈಟ್ ಅರ್ಧ ಗಂಟೆಯಲ್ಲೇ ಇಂಥದೊಂದು ಗ್ರಂಥಿಯೊಳಗೆ ಇಳಿಯುತ್ತದೆ. ಅಲ್ಲಿ ಅರ್ಧ ದಿನವೋ ಒಂದು ದಿನವೋ ತಂಗಿ, “ಹೊಸ ಸುದ್ದಿ ಏನಾದರೂ ಇದೆಯೇ?” ಎಂದು ವಿಚಾರಿಸಿ, ದುಗ್ಧನಾಳಗಳ ಮೂಲಕ ಮೇಲೇರಿ, ಎಡಗಡೆ ಕೊರಳ ಬುಡದಲ್ಲಿ ಮತ್ತೆ ರಕ್ತಕ್ಕೆ ಬೀಳುತ್ತದೆ. ಇರಕಲ್ಲಗಡದಿಂದ ಕೊಪ್ಪಳಕ್ಕೆ ಡಾಂಬರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗಿ, ಬರುವಾಗ ಹೊಲದ ಕಾಲುದಾರಿಯಲ್ಲಿ ಊರೂರು ನಿಂತು ಬಂದ ಹಾಗೆ. ಹೀಗಾಗಿ ಯಾವುದೇ ಕ್ಷಣದಲ್ಲಿ ನಮ್ಮ ಲಿಂಫೋಸೈಟ್‌ಗಳಲ್ಲಿ ರಕ್ತದಲ್ಲಿರುವುದು ನೂರಕ್ಕೆ ಎರಡರಷ್ಟು ಮಾತ್ರ. ತೋಳಿನ ರಕ್ತದಲ್ಲಿ ಎಣಿಸುವುದು ಬಸ್ಸಿನಲ್ಲಿ ಕೂತವರನ್ನು, ಊರಲ್ಲಿರುವವರನ್ನಲ್ಲ.

ಈ ಸುತ್ತಾಟವನ್ನು ತೋರಿಸಿಕೊಟ್ಟವರು ಆಕ್ಸ್‌ಫರ್ಡಿನ ಜೇಮ್ಸ್ ಗೋವನ್ಸ್. ಅದಕ್ಕೆ ಮೊದಲು ಲಿಂಫೋಸೈಟ್ ದಿನವೊಂದಕ್ಕೆ ಹುಟ್ಟಿ ಸಾಯುವ ಅಲ್ಪಾಯುಷಿ ಎಂದೇ ಹಲವರ ನಂಬಿಕೆ. ಗೋವನ್ಸ್ ಇಲಿಗಳ ಎದೆಯ ದೊಡ್ಡ ದುಗ್ಧನಾಳದಿಂದ ರಸವನ್ನು ಹೊರಗೆ ಬಸಿದರು. ಕೆಲವೇ ದಿನಗಳಲ್ಲಿ ರಕ್ತದ ಲಿಂಫೋಸೈಟ್ ಬರಿದಾಯಿತು. ಬಸಿದ ಕಣಗಳನ್ನು ಮತ್ತೆ ರಕ್ತಕ್ಕೆ ಸೇರಿಸಿದಾಗ ಸಂಖ್ಯೆ ಬೀಳಲಿಲ್ಲ. ಅಂದರೆ ಹೋಗುವ ಕಣ, ಬರುವ ಕಣ ಎರಡೂ ಒಂದೇ! 1959ರಲ್ಲಿ ಪ್ರಕಟವಾದ ಈ ಕೆಲಸ ಸರಳವಾಗಿ ಕಂಡರೂ ಇಂದಿನ ರೋಗರಕ್ಷಣಾ ವಿಜ್ಞಾನದ ಅಡಿಗಲ್ಲುಗಳಲ್ಲಿ ಒಂದು.

ಕಿರಣದ ದಾರಿಯಲ್ಲಿ

ಈಗ ಮೊದಲ ಪ್ರಶ್ನೆಗೆ ಬರೋಣ. ಕಿರಣ ಬೀಳುವುದು ಬಾಯಿಗೆ, ನಿಜ. ಆದರೆ ಬಾಯಲ್ಲಿ ರಕ್ತ ನಿಂತಿರುವುದಿಲ್ಲವಲ್ಲ! ಹೃದಯ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತ ಒತ್ತುತ್ತದೆ. ಮೈಯ ರಕ್ತವೆಲ್ಲ ಒಂದು ನಿಮಿಷಕ್ಕೊಮ್ಮೆ ಒಂದು ಸುತ್ತು ಹಾಕುತ್ತದೆ. ಯಂತ್ರ ಕಿರಣ ಬಿಡುತ್ತಿರುವ ಆ ಕೆಲವು ನಿಮಿಷಗಳಲ್ಲಿ ಗದ್ದ, ಕೊರಳುಗಳ ರಕ್ತನಾಳಗಳಲ್ಲಿ ಹಾದುಹೋಗುವ ಕಣಗಳೆಲ್ಲ ಕಿರಣಕ್ಕೆ ಸಿಗುತ್ತವೆ. ನಿನ್ನೆ ತಪ್ಪಿಸಿಕೊಂಡ ಕಣ ಇಂದು ಸಿಗುತ್ತದೆ, ಇಂದು ತಪ್ಪಿಸಿಕೊಂಡದ್ದು ನಾಳೆ.

ಮಿದುಳಿನ ಗಡ್ಡೆಗೆ 30 ಕಂತುಗಳಲ್ಲಿ 60 ಗ್ರೇ ಕೊಟ್ಟರೆ ರಕ್ತದ ಗತಿ ಏನಾಗುತ್ತದೆಂದು ಅಮೆರಿಕದ ಸಂಶೋಧಕರು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ಒಂದು ಕಂತಿನಲ್ಲಿ ಅರ್ಧ ಗ್ರೇಗಿಂತ ಹೆಚ್ಚು ಕಿರಣ ತಾಗುವುದು ಮೈಯ ರಕ್ತದ ನೂರಕ್ಕೆ ಐದು ಭಾಗಕ್ಕಷ್ಟೇ. ಆದರೆ 30 ಕಂತು ಮುಗಿಯುವ ಹೊತ್ತಿಗೆ ನೂರಕ್ಕೆ 99 ಭಾಗಕ್ಕೆ ತಾಗಿರುತ್ತದೆ. ಸರಾಸರಿ ಪಾಲು 2 ಗ್ರೇಗಿಂತ ತುಸು ಹೆಚ್ಚು. ಬೇರೆ ಜೀವಕೋಶಗಳಿಗೆ ಇದೇನೂ ದೊಡ್ಡದಲ್ಲ. ಲಿಂಫೋಸೈಟ್‌ಗೆ ಮಾತ್ರ ಇದು ಮಾರಕ.

ಇಲ್ಲೊಂದು ವಿಚಿತ್ರವಿದೆ. ವೇಗವಾಗಿ ಒಡೆದು ಎರಡಾಗುವ ಕೋಶಗಳಿಗೇ ವಿಕಿರಣದ ಪೆಟ್ಟು ಹೆಚ್ಚು ಎಂಬುದು ಫ್ರಾನ್ಸಿನ ಬರ್ಗೋನಿಯೆ ಮತ್ತು ತ್ರಿಬೊಂದೊ 1906ರಲ್ಲಿ ಹೇಳಿದ ನಿಯಮ. ಕ್ಯಾನ್ಸರ್ ಕೋಶ ಸಾಯುವುದು, ಬಾಯೊಳಗಿನ ಪೊರೆ ಸುಲಿಯುವುದು ಈ ನಿಯಮದಂತೆಯೇ. ಲಿಂಫೋಸೈಟ್ ಒಡೆಯದೆ ಸುಮ್ಮನೆ ಅಡ್ಡಾಡುವ ಕಣ. ನಿಯಮದ ಪ್ರಕಾರ ಅದಕ್ಕೆ ಏನೂ ಆಗಬಾರದು. ಆದರೂ ಎಲ್ಲರಿಗಿಂತ ಮೊದಲು ಸಾಯುವುದು ಅದೇ. ಪೆಟ್ಟು ಬಿದ್ದ ಕೆಲವೇ ಗಂಟೆಗಳಲ್ಲಿ, ರಿಪೇರಿಯ ಗೋಜಿಗೇ ಹೋಗದೆ, ತನ್ನನ್ನು ತಾನು ಮುಗಿಸಿಕೊಳ್ಳುತ್ತದೆ. ಲೈಪ್‌ಜಿಗ್‌ನ ಹೈನೆಕೆ ಎಂಬ ವೈದ್ಯ ಪ್ರಾಣಿಗಳಿಗೆ ಕ್ಷಕಿರಣ ಕೊಟ್ಟು ಅವುಗಳ ಗುಲ್ಮ, ದುಗ್ಧಗ್ರಂಥಿಗಳು ಬರಿದಾಗುವುದನ್ನು 1903ರಲ್ಲೇ ಕಂಡಿದ್ದ. ರಾಂಟ್‌ಜನ್ ಕ್ಷಕಿರಣ ಕಂಡುಹಿಡಿದು ಆಗಿನ್ನೂ ಎಂಟೇ ವರ್ಷ.

ಇನ್ನೂ ಸ್ಪಷ್ಟವಾದ ಸಾಕ್ಷ್ಯ ಸಿಕ್ಕಿದ್ದು ಕರುಗಳಿಂದ. 1960ರ ದಶಕದ ಆರಂಭದಲ್ಲಿ ಅಮೆರಿಕದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ ಯುಜೀನ್ ಕ್ರಾಂಕೈಟ್ ಮತ್ತು ಸಂಗಡಿಗರು ಕರುವಿನ ರಕ್ತವನ್ನು ಕೊಳವೆಯಲ್ಲಿ ಹೊರತಂದು, ಕೊಳವೆಗೆ ಮಾತ್ರ ಕಿರಣ ತಾಗಿಸಿ, ರಕ್ತವನ್ನು ಮತ್ತೆ ಮೈಗೆ ಬಿಟ್ಟರು. ಕರುವಿನ ಮೈಗೆ ಕಿರಣ ಸೋಕಲೇ ಇಲ್ಲ. ಆದರೂ ಲಿಂಫೋಸೈಟ್ ಸಂಖ್ಯೆ ಕುಸಿಯಿತು.

ಈಗ ತೋಳಿಗೆ ಸೂಜಿ ಚುಚ್ಚುವುದೇಕೆಂದು ತಿಳಿಯಿತಲ್ಲ? ವಾರದ ಪರೀಕ್ಷೆಯಲ್ಲಿ ವೈದ್ಯರು ಹಿಮೋಗ್ಲೋಬಿನ್, ನ್ಯೂಟ್ರೋಫಿಲ್, ಪ್ಲೇಟ್‌ಲೆಟ್ ಎಲ್ಲ ನೋಡುತ್ತಾರೆ. ವಿಕಿರಣದ ಜೊತೆಗೆ ಸಿಸ್‌ಪ್ಲಾಟಿನ್‌ನಂಥ ಔಷಧಿಯನ್ನೂ ಕೊಡುತ್ತಿದ್ದರೆ ಇದು ಇನ್ನಷ್ಟು ಮುಖ್ಯ. ಗರ್ಭಕೊರಳಿನ ಕ್ಯಾನ್ಸರಿನವರಲ್ಲಿ ಇನ್ನೊಂದು ಸಂಗತಿಯೂ ಸೇರುತ್ತದೆ. ವಯಸ್ಕರಲ್ಲಿ ರಕ್ತ ತಯಾರಿಸುವ ಮಜ್ಜೆಯ ದೊಡ್ಡ ಪಾಲು ಇರುವುದು ಸೊಂಟದ ಎಲುಬು ಮತ್ತು ಬೆನ್ನೆಲುಬಿನಲ್ಲಿ. ಕಿರಣ ಬೀಳುವುದು ಆ ಜಾಗಕ್ಕೇ. ಅಲ್ಲಿ ದಾರಿಹೋಕ ಕಣಗಳಿಗಷ್ಟೇ ಅಲ್ಲ, ಕಾರ್ಖಾನೆಗೂ ಪೆಟ್ಟು.

ಆರೋಗ್ಯವಂತರಲ್ಲಿ 1,000ದಿಂದ 4,000ದವರೆಗೆ ಇರುವ ಲಿಂಫೋಸೈಟ್ ಚಿಕಿತ್ಸೆಯ ಕೊನೆಗೆ 500ಕ್ಕಿಂತ ಕೆಳಗಿಳಿಯುವುದು ಅಪರೂಪವಲ್ಲ. ನ್ಯೂಟ್ರೋಫಿಲ್ ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತದೆ, ಲಿಂಫೋಸೈಟ್‌ಗೆ ತಿಂಗಳುಗಳೇ ಬೇಕು. ಕೆಲವರಲ್ಲಿ ವರ್ಷ ದಾಟುತ್ತದೆ. ಹೊಸ ಟಿ ಕಣಗಳಿಗೆ ಪಾಠ ಕಲಿಸುವ ಥೈಮಸ್ ಗ್ರಂಥಿ ಎದೆಯೊಳಗಿದೆ. ಅದು ಹರೆಯ ದಾಟಿದಂತೆ ಸೊರಗುತ್ತ ಹೋಗುತ್ತದೆ. ಐವತ್ತು ಅರವತ್ತರ ರೋಗಿಯಲ್ಲಿ ಉಳಿದ ಹಳೆಯ ಕಣಗಳೇ ಮರಿ ಹಾಕಿ ಸಂಖ್ಯೆ ತುಂಬಬೇಕು. ಮಿದುಳು ಗಡ್ಡೆಯ ರೋಗಿಗಳನ್ನು ಕುರಿತು 2011ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಎರಡು ತಿಂಗಳ ಹೊತ್ತಿಗೆ ಹತ್ತರಲ್ಲಿ ನಾಲ್ವರ ಸಿಡಿ4 ಕಣ 200ಕ್ಕಿಂತ ಕೆಳಗಿಳಿದಿತ್ತು. ಅವರು ಬದುಕಿದ ಅವಧಿಯೂ ಉಳಿದವರಿಗಿಂತ ಕಡಿಮೆಯಿತ್ತು. ಆ ರೋಗಿಗಳಿಗೆ ವಿಕಿರಣದ ಜೊತೆ ಔಷಧಿಯೂ ಸ್ಟೀರಾಯ್ಡೂ ಸಿಕ್ಕಿದ್ದವೆಂಬುದನ್ನು ಮರೆಯಬಾರದು. ಎಲ್ಲ ತಪ್ಪನ್ನೂ ಕಿರಣದ ತಲೆಗೆ ಕಟ್ಟುವಂತಿಲ್ಲ.

ಸತ್ತ ಗಡ್ಡೆಯ ಸುದ್ದಿ

ಇಲ್ಲಿಯವರೆಗಿನದು ಕಥೆಯ ಅರ್ಧ ಭಾಗ. ವಿಕಿರಣ ಕಾವಲುಗಾರರನ್ನು ಕೊಲ್ಲುತ್ತದೆ, ನಿಜ. ಅದೇ ವಿಕಿರಣ ಕಾವಲುಗಾರರನ್ನು ಕೂಗಿಯೂ ಕರೆಯುತ್ತದೆ.

ಹೂಸ್ಟನ್ನಿನ ಸಂಶೋಧಕರು 1979ರಲ್ಲಿ ವರದಿ ಮಾಡಿದ ಪ್ರಯೋಗ ನೋಡಿ. ಗಡ್ಡೆ ಇರುವ ಇಲಿಗಳಲ್ಲಿ ಅರ್ಧದಷ್ಟನ್ನು ಗುಣಪಡಿಸಲು 30 ಗ್ರೇ ಸಾಕಾಯಿತು. ಟಿ ಕಣಗಳನ್ನು ಮೊದಲೇ ಕಳೆದುಕೊಂಡ ಇಲಿಗಳಲ್ಲಿ ಅದೇ ಕೆಲಸಕ್ಕೆ 64 ಗ್ರೇಗೂ ಹೆಚ್ಚು ಬೇಕಾಯಿತು. ಕಿರಣ ಒಂದೇ, ಗಡ್ಡೆ ಒಂದೇ, ಆದರೂ ಎರಡು ಪಟ್ಟು! ಕ್ಯಾನ್ಸರನ್ನು ಕೊಲ್ಲುವುದು ಯಂತ್ರವೊಂದೇ ಅಲ್ಲ, ರೋಗಿಯ ಮೈಯೂ ಅದರಲ್ಲಿ ಕೈಜೋಡಿಸುತ್ತದೆ ಎಂದಾಯಿತು.

ಕೈಜೋಡಿಸುವುದು ಹೇಗೆ? ಕಿರಣ ಬಿದ್ದ ಕ್ಯಾನ್ಸರ್ ಕೋಶ ಸಾಯುವಾಗ ಸದ್ದಿಲ್ಲದೆ ಸಾಯುವುದಿಲ್ಲ. ಒಳಗೆ ಇರಬೇಕಾದ ಕೆಲವು ಪ್ರೋಟೀನುಗಳನ್ನು ಮೈಮೇಲೆ ಎತ್ತಿ ತೋರಿಸುತ್ತದೆ, ಕೆಲವು ರಾಸಾಯನಿಕಗಳನ್ನು ಹೊರಗೆ ಚೆಲ್ಲುತ್ತದೆ. ಇದು ಮನೆಗೆ ಬೆಂಕಿ ಬಿದ್ದಾಗ ಏಳುವ ಹೊಗೆಯಂತೆ. ಹೊಗೆ ಕಂಡು ಮೊದಲು ಬರುವುದು ಡೆಂಡ್ರೈಟಿಕ್ ಕಣ; ಮರದ ಕವಲುಗಳಂಥ ಕೈಗಳಿರುವ ಇದನ್ನು ಕವಲುಕಣ ಎನ್ನೋಣ. ಸತ್ತ ಗಡ್ಡೆಯ ಚೂರುಗಳನ್ನು ಹೆಕ್ಕಿಕೊಂಡು ಅದು ಹತ್ತಿರದ ದುಗ್ಧಗ್ರಂಥಿಗೆ ಹೊರಡುತ್ತದೆ. ಬಾಯಿಯ ಗಡ್ಡೆಯಾದರೆ ಗದ್ದದಡಿಯ, ಕೊರಳಿನ ಗ್ರಂಥಿಗಳಿಗೆ. ಅಲ್ಲಿ ಸುತ್ತಾಟದಲ್ಲಿ ಬಂದು ತಂಗಿರುವ ಟಿ ಕಣಗಳಿಗೆ ಆ ಚೂರನ್ನು ಹಿಡಿದು ತೋರಿಸುತ್ತದೆ. ಲಕ್ಷಾಂತರ ಕಣಗಳಲ್ಲಿ ಯಾವುದೋ ಕೆಲವಕ್ಕೆ ಮಾತ್ರ ಆ ಗುರುತು ಹೊಂದುತ್ತದೆ. ಹೊಂದಿದ ಕಣ ಅಲ್ಲೇ ನಿಂತು, ಕೆಲವು ದಿನಗಳಲ್ಲಿ ಸಾವಿರಗಟ್ಟಲೆ ಪ್ರತಿಗಳಾಗಿ ಬೆಳೆಯುತ್ತದೆ.

ಕವಲುಕಣವನ್ನು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಜಾನ್ವಿಲ್ ಕೋನ್ ಜೊತೆಗೂಡಿ 1973ರಲ್ಲಿ ಗುರುತಿಸಿದವರು ರಾಲ್ಫ್ ಸ್ಟೈನ್ಮನ್. ಅವರಿಗೇ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ಬಂದಾಗ ತಮ್ಮ ಕವಲುಕಣಗಳಿಂದಲೇ ತಯಾರಿಸಿದ ಚಿಕಿತ್ಸೆಯನ್ನು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. 2011ರಲ್ಲಿ ಅವರಿಗೆ ನೊಬೆಲ್ ಘೋಷಣೆಯಾದಾಗ ಅವರು ತೀರಿಕೊಂಡು ಮೂರು ದಿನವಾಗಿತ್ತು. ಆಯ್ಕೆ ಸಮಿತಿಗೆ ಸುದ್ದಿ ತಲುಪಿರಲಿಲ್ಲ.

ಸಜ್ಜಾದ ಟಿ ಕಣಗಳು ಗ್ರಂಥಿಯಿಂದ ದುಗ್ಧನಾಳಕ್ಕೆ, ಅಲ್ಲಿಂದ ರಕ್ತಕ್ಕೆ ಇಳಿಯುತ್ತವೆ. ಇಷ್ಟು ದೊಡ್ಡ ಮೈಯಲ್ಲಿ ಗಡ್ಡೆ ಎಲ್ಲಿದೆ ಎಂದು ಅವಕ್ಕೆ ಗೊತ್ತಾಗುವುದು ಹೇಗೆ? ಕಿರಣ ತಾಗಿದ ಜಾಗದ ರಕ್ತನಾಳಗಳ ಒಳಗೋಡೆ ಅಂಟಂಟಾಗುತ್ತದೆ. ಓಡುತ್ತಿರುವ ಕಣವನ್ನು ಹಿಡಿದು ನಿಲ್ಲಿಸುವ ಪ್ರೋಟೀನುಗಳು ಅಲ್ಲಿ ಹೆಚ್ಚಾಗುತ್ತವೆ. ಗಡ್ಡೆಯಿಂದಲೂ ಕರೆಯುವ ರಾಸಾಯನಿಕಗಳು ಸೋರುತ್ತವೆ. ಕಿರಣ ಕೊಟ್ಟ ಸ್ತನದ ಕ್ಯಾನ್ಸರ್ ಕೋಶಗಳು ಇಂಥದೊಂದು ಕರೆಯನ್ನು ಹೊರಡಿಸಿ ಟಿ ಕಣಗಳನ್ನು ಎಳೆದುಕೊಳ್ಳುವುದನ್ನು 2008ರಲ್ಲಿ ಇಲಿಗಳಲ್ಲಿ ತೋರಿಸಿದ್ದಾರೆ. ಸಂತೆಯಲ್ಲಿ ಮಿರ್ಚಿ ಕರಿಯುವ ವಾಸನೆ ಹಿಡಿದು ಅಂಗಡಿ ಹುಡುಕುವುದಿಲ್ಲವೇ, ಇದೂ ಹಾಗೆಯೇ.

ಆದರೆ ನಾಳೆ ಬೆಳಿಗ್ಗೆ ರೋಗಿಗೆ ಮತ್ತೊಂದು ಕಂತು ಇದೆ! ಇಷ್ಟು ಕಷ್ಟಪಟ್ಟು ಬಂದ ಕಣಗಳ ಮೇಲೆಯೇ ಮತ್ತೆ ಕಿರಣ ಬೀಳುತ್ತದೆ. ಹಾಗಾದರೆ ಬಂದದ್ದೆಲ್ಲ ವ್ಯರ್ಥವೇ? ಅಲ್ಲ ಎನ್ನುತ್ತದೆ 2019ರ ಒಂದು ಸಂಶೋಧನೆ. ಗಡ್ಡೆಯೊಳಗೆ ಆಗಲೇ ನೆಲೆಯೂರಿದ ಟಿ ಕಣಗಳು ರಕ್ತದಲ್ಲಿ ತಿರುಗುವ ತಮ್ಮ ಬಂಧುಗಳಿಗಿಂತ ಗಟ್ಟಿ. ಅವುಗಳಲ್ಲಿ ಬಹಳಷ್ಟು ಕಿರಣವನ್ನು ತಾಳಿಕೊಂಡು ಕೆಲಸ ಮುಂದುವರಿಸುತ್ತವೆ. ಇದೂ ಇಲಿಗಳಲ್ಲಿ ಕಂಡ ಮಾತು. ಮನುಷ್ಯರಲ್ಲಿ ಎಷ್ಟರ ಮಟ್ಟಿಗೆ ನಿಜವೆಂದು ಅಳೆಯುವ ಕೆಲಸ ನಡೆದಿದೆ.

ಕರೆದವರೆಲ್ಲ ಒಳ್ಳೆಯವರಲ್ಲ

ಹೊಗೆ ಕಂಡು ಬೆಂಕಿ ಆರಿಸುವವರೂ ಬರುತ್ತಾರೆ, ಗುಂಪು ಚದುರಿಸುವವರೂ ಬರುತ್ತಾರೆ. ಕಿರಣ ತಾಗಿದ ಜಾಗವನ್ನು ಮೈ ಒಂದು ಗಾಯವೆಂದೇ ತಿಳಿಯುತ್ತದೆ. ಗಾಯ ಮಾಯಿಸಲು ಮಜ್ಜೆಯಿಂದ ಮಾನೋಸೈಟ್ ಎಂಬ ಕಣಗಳು ಬಂದು, ಕಸ ಬಳಿಯುವ ಮ್ಯಾಕ್ರೋಫೇಜ್‌ಗಳಾಗಿ, ಹೊಸ ರಕ್ತನಾಳಗಳನ್ನು ಚಿಗುರಿಸುತ್ತವೆ. “ಸಾಕು, ಇನ್ನು ಜಗಳ ಬೇಡ” ಎಂದು ಟಿ ಕಣಗಳನ್ನು ತಣ್ಣಗಾಗಿಸುತ್ತವೆ. ಸುಟ್ಟ ಕೈಗೆ ಇದು ಒಳ್ಳೆಯದು, ಅಳಿದುಳಿದ ಕ್ಯಾನ್ಸರಿಗೂ ಒಳ್ಳೆಯದು! ಜೊತೆಗೆ ನಿಯಂತ್ರಕ ಟಿ ಕಣಗಳೆಂಬ ಇನ್ನೊಂದು ಪಡೆ ಇದೆ. ನಮ್ಮ ಕಾವಲುಗಾರರು ನಮ್ಮ ಮೈಯನ್ನೇ ಕಚ್ಚದಂತೆ ಹಗ್ಗ ಹಿಡಿದಿರುವುದು ಇವುಗಳ ಕೆಲಸ. ಇವುಗಳ ಕುರಿತ ಸಂಶೋಧನೆಗಾಗಿಯೇ 2025ರ ವೈದ್ಯಕೀಯ ನೊಬೆಲ್ ಜಪಾನಿನ ಶಿಮೊನ್ ಸಕಾಗುಚಿ ಹಾಗೂ ಅಮೆರಿಕದ ಮೇರಿ ಬ್ರಂಕೊ, ಫ್ರೆಡ್ ರಾಮ್ಸ್‌ಡೆಲ್ ಅವರಿಗೆ ಸಂದಿತು. ದುರದೃಷ್ಟಕ್ಕೆ ಈ ನಿಯಂತ್ರಕರು ಉಳಿದ ಟಿ ಕಣಗಳಿಗಿಂತ ವಿಕಿರಣವನ್ನು ಚೆನ್ನಾಗಿ ತಾಳುತ್ತವೆ. ಬೈಯುವವರು ಸತ್ತು ಸುಮ್ಮನಿರಿಸುವವರು ಉಳಿದ ಹಾಗಾಯಿತು.

ಇಲ್ಲೇ ಒಂದು ಚರ್ಚೆಯೂ ಹುಟ್ಟಿದೆ. ಬಾಯಿ ಕ್ಯಾನ್ಸರಿಗೆ ವಿಕಿರಣ ಕೊಡುವಾಗ ಕೊರಳಿನ ದುಗ್ಧಗ್ರಂಥಿಗಳಿಗೂ ಕೊಡುವುದುಂಟು, ಅಲ್ಲಿ ಕ್ಯಾನ್ಸರ್ ಕೋಶಗಳು ಅಡಗಿರಬಹುದೆಂದು. ಆದರೆ ಟಿ ಕಣಗಳಿಗೆ ಪಾಠ ಆಗುವುದೂ ಅಲ್ಲೇ ತಾನೆ? ಶಾಲೆಯನ್ನೇ ಸುಟ್ಟರೆ ಹೇಗೆ ಎಂಬುದು ಕೆಲವು ಸಂಶೋಧಕರ ಪ್ರಶ್ನೆ. ಗ್ರಂಥಿಗಳನ್ನು ಬಿಟ್ಟು ಗಡ್ಡೆಗಷ್ಟೇ ಕಿರಣ ಕೊಟ್ಟ ಇಲಿಗಳಲ್ಲಿ ಟಿ ಕಣಗಳ ಕೆಲಸ ಚುರುಕಾಗಿತ್ತು ಎಂದು 2018ರಲ್ಲಿ ವರದಿಯಾಗಿದೆ. ಪ್ರಶ್ನೆ ಒಳ್ಳೆಯದೇ. ಆದರೆ ನನ್ನನ್ನು ಕೇಳಿದರೆ, ಇಲಿಯ ಮಾತು ನಂಬಿ “ಕೊರಳಿಗೆ ಕರೆಂಟು ಬೇಡ” ಎಂದು ರೋಗಿ ಹಟ ಹಿಡಿಯುವುದು ಸರಿಯಲ್ಲ. ಕೊರಳಿನಲ್ಲಿ ಮತ್ತೆ ಗಂಟು ಎದ್ದರೆ ಅದನ್ನು ಇಳಿಸುವುದು ಮೊದಲಿಗಿಂತ ಬಲು ಕಷ್ಟ.

ದೂರದ ಗಡ್ಡೆ ಕರಗೀತೇ?

ಒಂದು ಕಡೆ ಕಿರಣ ಕೊಟ್ಟರೆ ಇನ್ನೊಂದು ಕಡೆಯ ಗಡ್ಡೆಯೂ ಕರಗಿತು ಎಂಬ ಸುದ್ದಿಯನ್ನು ಆಗಾಗ ಕೇಳುತ್ತೇವೆ. ಕಟ್ಟುಕಥೆಯಲ್ಲ ಅದು. ಇಂಗ್ಲೆಂಡಿನ ಆರ್. ಎಚ್. ಮೋಲ್ 1953ರಲ್ಲಿ ಇದಕ್ಕೆ ‘ಆ್ಯಬ್‌ಸ್ಕೋಪಲ್’ ಎಂದು ಹೆಸರಿಟ್ಟರು. ಗುರಿಯಿಂದ ದೂರ ಎಂಬುದು ಅದರ ಅರ್ಥ. ಮೇಲೆ ಹೇಳಿದ ಸುತ್ತಾಟವೇ ಇದಕ್ಕೆ ಕಾರಣ: ಒಂದೆಡೆ ಪಾಠ ಕಲಿತ ಟಿ ಕಣ ರಕ್ತದಲ್ಲಿ ಸಾಗಿ ಇನ್ನೊಂದೆಡೆ ಅದೇ ಶತ್ರುವನ್ನು ಗುರುತಿಸುತ್ತದೆ. ಆದರೆ 1969ರಿಂದ 2014ರವರೆಗಿನ ವೈದ್ಯಕೀಯ ಪತ್ರಿಕೆಗಳನ್ನು ಜಾಲಾಡಿದಾಗ ವಿಕಿರಣ ಒಂದರಿಂದಲೇ ಹೀಗಾದ ಪ್ರಕರಣಗಳು ಸಿಕ್ಕಿದ್ದು 46. ಲಕ್ಷಲಕ್ಷ ಜನ ವಿಕಿರಣ ಪಡೆದ ಆ ಕಾಲಾವಧಿಯಲ್ಲಿ ಇದು ಎಷ್ಟರದು?

ಟಿ ಕಣಗಳ ಹಗ್ಗ ಬಿಚ್ಚುವ ಹೊಸ ಔಷಧಿಗಳು ಬಂದ ಮೇಲೆ ಪರಿಸ್ಥಿತಿ ಸ್ವಲ್ಪ ಬದಲಾಗಿದೆ. ಶ್ವಾಸಕೋಶದ ಕ್ಯಾನ್ಸರಿಗೆ ವಿಕಿರಣ ಮುಗಿದ ಮೇಲೆ ಡುರ್ವಾಲುಮಾಬ್ ಕೊಟ್ಟ ಪ್ರಯೋಗದ ಫಲ 2017ರಲ್ಲಿ ಹೊರಬಂತು. ಐದು ವರ್ಷದ ಬಳಿಕ ಔಷಧಿ ಪಡೆದವರಲ್ಲಿ ನೂರಕ್ಕೆ ಸುಮಾರು 43 ಮಂದಿ, ಪಡೆಯದವರಲ್ಲಿ 33 ಮಂದಿ ಬದುಕಿದ್ದರು. ನಮ್ಮ ಭಾಗದ ಹೆಣ್ಣುಮಕ್ಕಳಿಗೆ ಹೆಚ್ಚು ಸಂಬಂಧಿಸಿದ್ದು ಗರ್ಭಕೊರಳಿನ ಕ್ಯಾನ್ಸರಿನ ಪ್ರಯೋಗ: ವಿಕಿರಣ, ಔಷಧಿಗಳ ಜೊತೆಗೆ ಪೆಂಬ್ರೊಲಿಜುಮಾಬ್ ಪಡೆದವರಲ್ಲಿ ಮೂರು ವರ್ಷದ ಹೊತ್ತಿಗೆ ನೂರಕ್ಕೆ 82ಕ್ಕಿಂತ ಹೆಚ್ಚು, ಪಡೆಯದವರಲ್ಲಿ 75ರ ಸಮೀಪ ಬದುಕಿದ್ದರು ಎಂದು 2024ರಲ್ಲಿ ಪ್ರಕಟವಾಯಿತು. ಬಾಯಿ, ಗಂಟಲು ಕ್ಯಾನ್ಸರಿನಲ್ಲಿ ಮಾತ್ರ ಇಂಥದೇ ಔಷಧಿ ಅವೆಲುಮಾಬ್ ಅನ್ನು ವಿಕಿರಣದ ಜೊತೆಗೇ ಕೊಟ್ಟ ದೊಡ್ಡ ಪ್ರಯೋಗ 2021ರಲ್ಲಿ ಸೋಲನ್ನೇ ವರದಿ ಮಾಡಿತು. ದಿನವೂ ಕೊರಳಿಗೆ ಕಿರಣ ಬೀಳುತ್ತಿರುವಾಗ ಕಣಗಳನ್ನು ಎಬ್ಬಿಸಿ ಫಲವೇನು, ಮುಗಿದ ಮೇಲೆ ಎಬ್ಬಿಸಬೇಕಿತ್ತು ಎನ್ನುವವರಿದ್ದಾರೆ.

ಈ ಔಷಧಿಗಳ ಬೆಲೆ ಲಕ್ಷಗಟ್ಟಲೆ. ಹೊಲ ಮಾರಿದರೂ ಸಾಲದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರು ನಿವೊಲುಮಾಬ್ ಅನ್ನು ವಾಡಿಕೆಯ 240 ಮಿಲಿಗ್ರಾಂ ಬದಲು ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ಕೊಟ್ಟು ನೋಡಿದರು. ವಾಸಿಯಾಗುವ ಹಂತ ಮೀರಿದ ಬಾಯಿ, ಗಂಟಲು ಕ್ಯಾನ್ಸರಿನ ರೋಗಿಗಳಲ್ಲಿ ಒಂದು ವರ್ಷದ ಬಳಿಕ ಬದುಕಿದ್ದವರು ನೂರಕ್ಕೆ 16ರಿಂದ 43ಕ್ಕೆ ಏರಿದರು. 2022ರಲ್ಲಿ ಪ್ರಕಟವಾದ ಈ ಫಲ ಬಡ ದೇಶಗಳಿಗೆಲ್ಲ ದಾರಿ ತೋರಿಸುವಂಥದ್ದು ಎಂದೇ ನನಗನಿಸುತ್ತದೆ.

ರೋಗಿ ಮಾಡಬೇಕಾದದ್ದು

ಕಂತು ತಪ್ಪಿಸಬಾರದು. ಲಿಂಫೋಸೈಟ್ ಇಳಿದಿದೆ ಎಂಬ ಒಂದೇ ಕಾರಣಕ್ಕೆ ವೈದ್ಯರು ವಿಕಿರಣ ನಿಲ್ಲಿಸುವುದಿಲ್ಲ, ರೋಗಿಯೂ ನಿಲ್ಲಿಸಬಾರದು. ಬಾಯಿ, ಗಂಟಲು, ಗರ್ಭಕೊರಳು ಕ್ಯಾನ್ಸರುಗಳಲ್ಲಿ ನಿಗದಿತ ಅವಧಿ ಮೀರಿ ಎಳೆದ ಒಂದೊಂದು ದಿನಕ್ಕೂ ಗಡ್ಡೆ ಹತೋಟಿಗೆ ಬರುವ ಸಾಧ್ಯತೆ ನೂರಕ್ಕೆ ಸುಮಾರು ಒಂದರಂತೆ ಕಡಿಮೆಯಾಗುತ್ತದೆ. ಗರ್ಭಕೊರಳಿನ ಚಿಕಿತ್ಸೆಯೆಲ್ಲ ಎಂಟು ವಾರದೊಳಗೆ ಮುಗಿಯಬೇಕು. ಜಾತ್ರೆ, ಬಿತ್ತನೆ, ಮದುವೆ ಎಂದು ಹತ್ತು ದಿನ ಊರಿಗೆ ಬಂದರೆ ಲೆಕ್ಕ ನೀವೇ ಹಾಕಿ.

“ರಕ್ತ ಕಮ್ಮಿ” ಎಂದೊಡನೆ ಮನೆಯವರು ದಾಳಿಂಬೆ, ಬೀಟ್‌ರೂಟ್ ತರುತ್ತಾರೆ. ಕುಷ್ಟಗಿಯ ದಾಳಿಂಬೆ ಒಳ್ಳೆಯ ಹಣ್ಣೇ. ಆದರೆ ಅದರಿಂದ ಲಿಂಫೋಸೈಟ್ ಏರುವುದಿಲ್ಲ. ಬಾಯಲ್ಲಿ ಹುಣ್ಣಾದವರಿಗೆ ಅದರ ಹುಳಿ ಉರಿಯುತ್ತದೆ ಕೂಡ. ನುಚ್ಚು, ಹೆಸರುಬೇಳೆ ಗಂಜಿ, ಹಾಲು, ತಿನ್ನುವವರಿಗೆ ಮೊಟ್ಟೆ - ಇವು ಮೈತೂಕ ಉಳಿಸುತ್ತವೆ. ಕಣ ಹೆಚ್ಚಿಸುತ್ತೇವೆಂದು ಮಾರುವ ಪುಡಿ, ಕಷಾಯಗಳನ್ನು ವೈದ್ಯರಿಗೆ ಹೇಳದೆ ಕುಡಿಯಬೇಡಿ. ಕೆಲವು ಪಿತ್ತಕೋಶ, ಮೂತ್ರಪಿಂಡಗಳಿಗೆ ತೊಂದರೆ ಮಾಡಿ ಚಿಕಿತ್ಸೆಗೇ ಅಡ್ಡಿಯಾಗುತ್ತವೆ. ತಂಬಾಕಿನ ಚೀಲ ಮನೆಯಲ್ಲೇ ಇರಲಿ ಎನ್ನುವುದಕ್ಕಿಂತ ಮನೆಯಲ್ಲೂ ಇರದಿದ್ದರೆ ಒಳ್ಳೆಯದು. ಗುಟ್ಕಾ ಕರ್ನಾಟಕದಲ್ಲಿ 2013ರಲ್ಲೇ ನಿಷೇಧವಾಗಿದ್ದರೂ ಜನರ ಜೇಬಿನಿಂದ ಹೋಗಿಲ್ಲ.

ಹೊರಗಿನಿಂದ ಕಿರಣ ಪಡೆದವರ ಮೈಯಿಂದ ಕಿರಣ ಹೊರಡುವುದಿಲ್ಲ. ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಒಂದೇ ಮನೆಯಲ್ಲಿ ಉಣ್ಣಬಹುದು. ರೋಗಿಯಿಂದ ಮಗುವಿಗೆ ಏನೂ ಆಗದು. ಮಗುವಿಗೆ ಕೆಮ್ಮು, ಜ್ವರ, ಸಿಡುಬಿನಂಥ ಗುಳ್ಳೆ ಇದ್ದರೆ ರೋಗಿಯೇ ದೂರವಿರಬೇಕು. ಊರಿಗೆ ಮರಳಿದ ಮೇಲೂ ಆರು ತಿಂಗಳು ವರ್ಷದ ತನಕ ಕಾವಲು ತೆಳ್ಳಗಿರುತ್ತದೆ ಎಂಬುದು ನೆನಪಿರಲಿ. ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಅಂಗಡಿಯ ಮಾತ್ರೆ ನುಂಗಿ ಕಾಯಬಾರದು. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಅಂದೇ ಹೋಗಬೇಕು. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಬೇಕು, ಏಕೆಂದರೆ ಹಳೆಯ ಕ್ಷಯ ಇಂಥ ಹೊತ್ತಿನಲ್ಲೇ ತಲೆ ಎತ್ತುತ್ತದೆ. ಜೀವಂತ ರೋಗಾಣು ಇರುವ ಲಸಿಕೆಗಳನ್ನು ವೈದ್ಯರು ಹೇಳುವವರೆಗೆ ಹಾಕಿಸಿಕೊಳ್ಳಬಾರದು. ಸೂಜಿಯಲ್ಲಿ ಕೊಡುವ ಫ್ಲೂ ಲಸಿಕೆ ಆ ಜಾತಿಯದಲ್ಲ, ಅದನ್ನು ಕೇಳಿ ಹಾಕಿಸಿಕೊಳ್ಳಬಹುದು.

ಎಚ್‌ಐವಿ ಸೋಂಕಿರುವ ಹೆಣ್ಣುಮಕ್ಕಳಿಗೆ ಒಂದು ಮಾತು ಬೇರೆಯೇ ಹೇಳಬೇಕು. ಅವರಲ್ಲಿ ಗರ್ಭಕೊರಳಿನ ಕ್ಯಾನ್ಸರಿನ ಸಂಭವ ಉಳಿದವರಿಗಿಂತ ಸುಮಾರು ಆರು ಪಟ್ಟು. ಎಚ್‌ಐವಿ ತಿನ್ನುವುದೂ ಸಿಡಿ4 ಲಿಂಫೋಸೈಟ್‌ಗಳನ್ನೇ, ವಿಕಿರಣ ತಗ್ಗಿಸುವುದೂ ಅವನ್ನೇ. ಹಾಗೆಂದು ವಿಕಿರಣ ಬೇಡವೆಂದಲ್ಲ. ಎಆರ್‌ಟಿ ಮಾತ್ರೆಯನ್ನು ಒಂದು ದಿನವೂ ಬಿಡಬಾರದೆಂದು. ಎರಡೂ ಕಡೆಯ ವೈದ್ಯರಿಗೆ ಎರಡೂ ಚಿಕಿತ್ಸೆಯ ವಿಷಯ ತಿಳಿದಿರಬೇಕು. ಮುಚ್ಚಿಟ್ಟರೆ ನಷ್ಟ ರೋಗಿಗೇ.

ಚಿಕಿತ್ಸೆ ಮುಗಿದ ದಿನ ಆಸ್ಪತ್ರೆಯವರು ಒಂದು ಫೈಲು ಕೊಡುತ್ತಾರೆ. ಯಾವ ಜಾಗಕ್ಕೆ, ಎಷ್ಟು ಗ್ರೇ, ಯಾವ ದಿನ ಶುರುವಾಗಿ ಯಾವ ದಿನ ಮುಗಿಯಿತು, ರಕ್ತದ ಕೊನೆಯ ಎಣಿಕೆ ಎಷ್ಟು ಎಂಬುದೆಲ್ಲ ಅದರಲ್ಲಿರುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಡಿ. ಹಲ್ಲು ಕೀಳಿಸಲಿಕ್ಕೆ ಹೋದರೂ, ಜ್ವರಕ್ಕೆ ಕೊಪ್ಪಳದ ದೊಡ್ಡಾಸ್ಪತ್ರೆಗೆ ಹೋದರೂ, ಕಾಲಿನ ಗಾಯಕ್ಕೆ ಹೋದರೂ ಅದನ್ನು ಮೊದಲು ವೈದ್ಯರ ಮೇಜಿನ ಮೇಲಿಡಿ.